ಗಡಿಕಲ್ಲಿನ ಆಚೆಯ ಬಾವಿ

ಕೇಳುಗರಿಗೆ ನಮಸ್ಕಾರ.

ನಾನು 32 ವರ್ಷ ಸರ್ವೆಯರ್ ಆಗಿದ್ದವನು. ಸರಪಳಿ ಎಳೆಸಿ, ಕಲ್ಲು ನೆಡಿಸಿ, ನಕ್ಷೆ ಬರೆದು ನಿವೃತ್ತನಾದೆ. ಈಗ ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಕಸದ ಗಾಡಿ ಬಂದರೆ ಬಕೆಟ್ ಹಿಡಿದು ಗೇಟಿಗೆ ಹೋಗುವುದು ನನ್ನ ಪಾಲಿನ ಕೆಲಸ. ಹಸಿ ಕಸ ಒಂದರಲ್ಲಿ, ಒಣ ಕಸ ಇನ್ನೊಂದರಲ್ಲಿ. 2015ರಲ್ಲಿ, ಮತ್ತೆ 2016ರಲ್ಲಿ ನಮ್ಮ ಊರು ದೇಶದಲ್ಲೇ ಸ್ವಚ್ಛ ನಗರ ಅನ್ನಿಸಿಕೊಂಡಿತಲ್ಲ, ಆ ಹೆಮ್ಮೆ ನಮ್ಮ ಬೀದಿಯಲ್ಲಿ ಇನ್ನೂ ಆರಿಲ್ಲ. ಆದರೆ ಗಾಡಿ ತಿರುವು ದಾಟಿತು ಅಂದರೆ ನಮ್ಮ ಯೋಚನೆಯೂ ಮುಗಿಯಿತು. ಊರಿನ ಕಸ ಹೋಗಿ ಬೀಳುವ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಅಕ್ಕಪಕ್ಕದವರಿಗೆ ಮಾತ್ರ ಹಾಗಲ್ಲ. ಗಾಳಿ ಅವರ ಕಡೆ ತಿರುಗಿದರೆ ಕಿಟಕಿ ಹಾಕಿಕೊಳ್ಳಬೇಕು.

ಇವತ್ತು ಆ ತಿರುವಿನ ಆಚೆಯ ಮಾತು. ಕಸ ಸುರಿಯಲು ಸರ್ಕಾರ ಜಮೀನು ತೆಗೆದುಕೊಳ್ಳುತ್ತದೆ. ಹೇಗೆ ತೆಗೆದುಕೊಳ್ಳುತ್ತದೆ, ಆಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ?

ಸುಮಾರು 20 ವರ್ಷದ ಹಿಂದಿನ ಮಾತು. ಮಂಡ್ಯ ಜಿಲ್ಲೆಯ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ಕಸಕ್ಕೆ ಅಂತ ಜಾಗ ಅಳೆಯಲು ಹೋಗಿದ್ದೆ. ಅರ್ಧ ಗೋಮಾಳ, ಅರ್ಧ ನಾಲ್ಕು ಮನೆಯವರ ಹೊಲ. ಮೂಲೆಯ ಕಲ್ಲು ನೆಡಿಸುತ್ತಿದ್ದಾಗ ಪಕ್ಕದ ಹೊಲದ ಯಜಮಾನರೊಬ್ಬರು ಬಂದು ನಿಂತರು. ಅವರ ಹೊಲ ಸ್ವಾಧೀನಕ್ಕೆ ಸೇರಿರಲಿಲ್ಲ. "ಯಜಮಾನ್ರೇ, ನೀವು ಉಳ್ಕೊಂಡ್ರಿ" ಅಂದೆ, ಖುಷಿಪಡಲಿ ಅಂತ. ಅವರು ತಮ್ಮ ಬಾವಿಯ ಕಡೆ ಕೈ ತೋರಿಸಿದರು. "ನನ್ ಬಾವಿ ಕಲ್ಲಿಂದ ಆಚೆಗೈತೆ ಅಂತ ಆ ಕಸದ್ ನೀರಿಗೆ ಯಾರ್ ಹೇಳ್ತಾರೆ ಸ್ವಾಮಿ?"

ನಾನು ನಕ್ಕು ಸುಮ್ಮನಾದೆ. ಇನ್ನೂ ಎರಡು ಕಲ್ಲು ಬಾಕಿ ಇತ್ತು, ಬಿಸಿಲೂ ಜಾಸ್ತಿ ಇತ್ತು.

ಕಲ್ಲಿನ ಒಳಗಿನವರಿಗೆ ಒಂದು ದಾರಿ ಇದೆ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 30 ಸೊಲೇಷಿಯಂ, ಅಂದರೆ ಒಲ್ಲದ ಮನಸ್ಸಿನಿಂದ ಜಮೀನು ಬಿಡುವುದಕ್ಕೆ ಕೊಡುವ ಹೆಚ್ಚುವರಿ ಪರಿಹಾರ. ತುರ್ತು ಅಂತ ಬರೆದುಬಿಟ್ಟರೆ ರೈತನ ತಕರಾರು ಕೇಳುವುದನ್ನೂ ಬಿಡಬಹುದಿತ್ತು. 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂತು. ಸೊಲೇಷಿಯಂ ಈಗ ಶೇಕಡಾ 100. ಹಳ್ಳಿಯ ಜಮೀನಾದರೆ ಮಾರುಕಟ್ಟೆ ಬೆಲೆಯನ್ನು 2 ಪಟ್ಟಿನವರೆಗೂ ಏರಿಸಲು ಅವಕಾಶವಿದೆ. ಮರ, ಬಾವಿ, ಕಟ್ಟಡ ಎಲ್ಲಕ್ಕೂ ಬೇರೆ ಲೆಕ್ಕ. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ತಕರಾರು ಹಾಕಬಹುದು. ಆಮೇಲೆ ಅಂತಿಮ ಘೋಷಣೆ, ಆಮೇಲೆ ಐತೀರ್ಪು, ಅಂದರೆ ಪರಿಹಾರ ಇಷ್ಟು ಅಂತ ನಿಗದಿ ಮಾಡುವ ಆದೇಶ. ಕಾಸು ಕೈಗೆ ಬರುವ ಹೊತ್ತಿಗೆ ರೈತನ ಚಪ್ಪಲಿ ಸವೆದಿರುತ್ತದೆ, ಅದು ಬೇರೆ ಮಾತು. ದಾರಿಯಂತೂ ಇದೆ.

ಗೋಮಾಳದ್ದು ಹಾಗಲ್ಲ. ಅದು ಮೊದಲೇ ಸರ್ಕಾರದ್ದು. ಹಾಗಾಗಿ ಅಧಿಸೂಚನೆ ಇಲ್ಲ, ಐತೀರ್ಪೂ ಇಲ್ಲ. ಪಹಣಿಯಲ್ಲಿ ಒಂದು ಸಾಲು ಬದಲಾದರೆ ಆಯಿತು. 100 ದನಕ್ಕೆ ಕನಿಷ್ಠ 12 ಹೆಕ್ಟೇರ್ ಗೋಮಾಳ ಇರಬೇಕು ಅಂತ ನಮ್ಮ ಭೂಕಂದಾಯ ನಿಯಮ ಹೇಳುತ್ತದೆ. ಆದರೆ ದನ ಎಣಿಸುವುದು ಕಾಗದದ ಮೇಲೆ. ಕುರಿ ಮೇಯಿಸುತ್ತಿದ್ದ ಹೆಂಗಸಿಗೆ ಜಾಗ ಹೋದದ್ದು ಗೊತ್ತಾಗುವುದು ಲಾರಿ ಬಂದ ದಿನವೇ.

ಇನ್ನು ಕಲ್ಲಿನ ಹೊರಗಿನವರು. ಪರಿಹಾರದ ಲೆಕ್ಕ ಕಲ್ಲಿಗೆ ನಿಲ್ಲುತ್ತದೆ. ವಾಸನೆ, ನೊಣ, ನಾಯಿ, ಕಪ್ಪು ನೀರು ಯಾವುದೂ ನಿಲ್ಲುವುದಿಲ್ಲ. ಅವರನ್ನು ಕಾಯಬೇಕಾದದ್ದು ಉಸ್ತುವಾರಿ ಮಾತ್ರ.

ಕಸ ನಿರ್ವಹಣೆಯ ನಿಯಮಗಳು ಕೆಟ್ಟದಾಗಿಲ್ಲ, ಅದನ್ನು ಹೇಳಲೇಬೇಕು. 2000ದ ನಿಯಮದಲ್ಲಿ ಇಂಥ ಜಾಗ ಜನವಸತಿಯಿಂದ ದೂರ ಇರಬೇಕು ಅಂತಷ್ಟೇ ಇತ್ತು. ಎಷ್ಟು ದೂರ? ಅದು ಅಳೆಯುವವನ ಇಷ್ಟ. 2016ರ ನಿಯಮ ಅಂಕಿ ಹಾಕಿತು. ನದಿಯಿಂದ 100 ಮೀಟರ್. ಕೊಳ, ಹೆದ್ದಾರಿ, ಮನೆಗಳು, ಕುಡಿಯುವ ನೀರಿನ ಬಾವಿ, ಇವುಗಳಿಂದ 200 ಮೀಟರ್. ನಮ್ಮ ಹಳೇ ಸರಪಳಿ 33 ಅಡಿ. ಅಂದರೆ 200 ಮೀಟರ್ ಹತ್ತಿರಹತ್ತಿರ 20 ಸರಪಳಿ. ರೈತರು ಇದನ್ನು ತಾವೇ ಹೆಜ್ಜೆ ಹಾಕಿ ನೋಡಬಹುದು, ನನ್ನಂಥವನು ಬೇಕಿಲ್ಲ.

2016ರ ನಿಯಮದ ಪ್ರಕಾರ ಕಸ ಹೂಳುವ ಗುಂಡಿಯ ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣು ಗಟ್ಟಿಯಾಗಿ ಹಾಕಬೇಕು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ. ಕಸದ ನೀರು ಕೆಳಗಿಳಿಯದೆ ಒಂದು ಕಡೆ ಸೇರಬೇಕು. ದಿನದ ಕಸದ ಮೇಲೆ ಅದೇ ದಿನ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕು. ಅಲ್ಲಿಗೆ ಹೋಗಬೇಕಾದದ್ದೂ ಎಲ್ಲ ಕಸವಲ್ಲ. ಗೊಬ್ಬರವಾಗದ್ದು, ಮತ್ತೆ ಬಳಕೆಗೆ ಬಾರದ್ದು, ಅಷ್ಟೇ. ನಾವು ನೋಡಿರುವುದು ಗುಂಡಿಯನ್ನಲ್ಲ, ಗುಡ್ಡವನ್ನು. ಅಲ್ವಾ? ಹಾಳೆಯೂ ಇಲ್ಲ, ಮಣ್ಣೂ ಇಲ್ಲ, ತೆಂಗಿನ ಚಿಪ್ಪು, ಬಾಳೆ ಎಲೆ, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ. ಆ ಗುಡ್ಡವನ್ನು ಆಮೇಲೆ ಜರಡಿ ಹಿಡಿದು ಕರಗಿಸಲು ಕೋಟಿಗಟ್ಟಲೆ ಬೇಕು. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಲಾರಿಗೆ ಅಡ್ಡ ಕೂತ ಮೇಲೇ ಅಲ್ಲಿ ಕಸ ನಿಂತದ್ದು.

ನೋಡಿಕೊಳ್ಳುವವರು ಯಾರು? ನಡೆಸುವುದು ಪಾಲಿಕೆ ಅಥವಾ ನಗರಸಭೆ. ಅನುಮತಿ ಕೊಡುವುದು, ಪರಿಶೀಲಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. 2016ರ ನಿಯಮ ಜಾಗ ಹುಡುಕಿಕೊಡುವ ಹೊಣೆಯನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿತು, 3 ತಿಂಗಳಿಗೊಮ್ಮೆ ಕಸದ ಕೆಲಸ ಪರಿಶೀಲಿಸುವುದನ್ನೂ ಅವರಿಗೇ ವಹಿಸಿತು. ಆ ನಿಯಮದಂತೆ ಜಾಗ ತುಂಬಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಅದನ್ನು ನೋಡಿಕೊಳ್ಳಬೇಕು. ಅಷ್ಟರಲ್ಲಿ ಎಷ್ಟು ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೋ ಎಣಿಸಿಕೊಳ್ಳಿ. ಬಾವಿಗೆ ವರ್ಗಾವಣೆ ಇಲ್ಲ.

ಈ ಎಲ್ಲ ನಿಯಮಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಚಿಕ್ಕ ಸಾಲು. ಜಾಗದ ಕೆಲಸ ಶುರುವಾಗುವ ಮೊದಲೇ ಸುತ್ತಲಿನ ಅಂತರ್ಜಲ ಹೇಗಿದೆ ಅಂತ ಪರೀಕ್ಷೆ ಮಾಡಿ ದಾಖಲೆ ಇಡಬೇಕು. ಆಮೇಲೆ ಗಡಿಯಿಂದ 50 ಮೀಟರ್ ದೂರದವರೆಗೆ ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ನೀರು ನೋಡುತ್ತಿರಬೇಕು. ಈ ಸಾಲು 2000ದ ನಿಯಮದಲ್ಲೂ ಇತ್ತು.

ಯಾಕೆ ಮುಖ್ಯ? ಆ ಹಳ್ಳಿಗೆ ಹತ್ತು ವರ್ಷ ಬಿಟ್ಟು ಒಂದು ಮದುವೆಗೆ ಹೋಗಿದ್ದೆ. ಯಜಮಾನರು ತೀರಿಕೊಂಡಿದ್ದರು. ಮಗ ಬಾಟಲಿಯಲ್ಲಿ ನೀರು ತಂದು ತೋರಿಸಿದ. ಚಹಾದ ಬಣ್ಣ. ಪರೀಕ್ಷೆ ಮಾಡಿಸಿದ್ದ, ಅರ್ಜಿಯನ್ನೂ ಕೊಟ್ಟಿದ್ದ. ಕಚೇರಿಯವರು ಕೇಳಿದ್ದು ಒಂದೇ ಪ್ರಶ್ನೆ: ಮೊದಲು ಚೆನ್ನಾಗಿತ್ತು ಅನ್ನುವುದಕ್ಕೆ ಏನು ಆಧಾರ? ಅಪ್ಪ ಕುಡಿಯುತ್ತಿದ್ದರು ಅಂತ ಹೇಳಿದನಂತೆ. ಅದು ಆಧಾರವಾಗುವುದಿಲ್ಲವಂತೆ.

ಈಗಿನ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾನ್ಯವಾಗಿ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಜನರ ಎದುರು ಅಹವಾಲು ಸಭೆ ನಡೆಯಬೇಕು. ಅಂಥ ಎರಡು ಸಭೆಗೆ ಹೋಗಿ ಹಿಂದೆ ಕೂತು ಕೇಳಿದ್ದೇನೆ. ಎರಡರಲ್ಲೂ ಮಾತೆಲ್ಲ ಎಕರೆಗೆ ಎಷ್ಟು ಅನ್ನುವುದರ ಮೇಲೇ. ಅದು ತಪ್ಪಲ್ಲ, ಹೊಲ ಹೋಗುತ್ತಿರುವವರು ಇನ್ನೇನು ಕೇಳುತ್ತಾರೆ? ಆದರೆ ಪಕ್ಕದ ಹೊಲದವರೂ ಬಂದಿರುತ್ತಾರಲ್ಲ. ಅವರು ಎದ್ದು ನಿಂತು, ನಮ್ಮ ಬಾವಿ, ಬೋರ್‌ವೆಲ್ಲಿನ ನೀರು ಈಗಲೇ ಪರೀಕ್ಷೆಯಾಗಲಿ, ವರದಿಯ ಒಂದು ಪ್ರತಿ ಪಂಚಾಯಿತಿಯಲ್ಲಿರಲಿ, ಒಂದು ನಮ್ಮ ಕೈಲಿರಲಿ ಅಂತ ಕೇಳಬೇಕು. ಕೇಳಿದ್ದು ಸಭೆಯ ನಡಾವಳಿಯಲ್ಲಿ ಬರೆದಿದೆಯಾ ಅಂತ ಓದಿಸಿಕೊಂಡೇ ಏಳಬೇಕು. ಲಾರಿ ಬಂದ ಮೇಲೆ ಮಾಡಿಸಿದ ಪರೀಕ್ಷೆಗೆ ಅರ್ಧ ಬೆಲೆಯೂ ಇಲ್ಲ.

ಮೊನ್ನೆ ಹಳೇ ಟ್ರಂಕಿನಲ್ಲಿ ಆ ಜಾಗದ ಕಚ್ಚಾ ನಕ್ಷೆ ಸಿಕ್ಕಿತು. ಬಾವಿಯನ್ನು ಗುರುತು ಮಾಡಿದ್ದೇನೆ, ಚಿಕ್ಕದೊಂದು ಸೊನ್ನೆ. ಗಡಿಕಲ್ಲಿನಿಂದ 1 ಸರಪಳಿ 4 ಆಣೆ. 16 ಆಣೆಗೆ ಒಂದು ಸರಪಳಿ, ಅಂದರೆ ಸುಮಾರು 41 ಅಡಿ. ಅಳತೆ ಸರಿಯಾಗಿಯೇ ಬರೆದಿದ್ದೇನೆ. ನೀರು ಹೇಗಿತ್ತು ಅಂತ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಆ ದಿನ ಅದೇ ಬಾವಿಯಿಂದ ಒಂದು ಚೊಂಬು ನೀರು ತರಿಸಿಕೊಂಡು ಕುಡಿದಿದ್ದೆ.

ನಮಸ್ಕಾರ.