ಲಿವರ್‌ಗೆ ‘ಇಮ್ಯೂನಿಟಿ ಬೂಸ್ಟ್’ ಬೇಡ ರೀ!

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: “ಸರ್, ಲಿವರ್ ಗಟ್ಟಿಯಾಗಿದೆ ಅಂದ್ರೆ ಇಮ್ಯೂನಿಟಿ ಕಮ್ಮಿ ಅಂತ. ಬೂಸ್ಟ್ ಮಾಡ್ಕೊಂಡ್ರೆ ಸರಿಹೋಗುತ್ತೆ.” ಅದಕ್ಕೆ ಸಾಲು ಸಾಲು ಲೈಕು ಬೇರೆ. ಇದನ್ನು ಓದಿ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ಇದು ತಲೆಕೆಳಗಾದ ಮಾತು. ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್‌ನಲ್ಲಿ ರೋಗನಿರೋಧಕ ಕೋಶಗಳು ಮಲಗಿರುವುದಿಲ್ಲ. ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಲಿವರ್ ಗಟ್ಟಿಯಾಗುವುದರಲ್ಲಿ, ಅಂದರೆ ಅದರೊಳಗೆ ಗಾಯದ ಕಲೆ ಕಟ್ಟುವುದರಲ್ಲಿ, ಅವುಗಳದ್ದೇ ದೊಡ್ಡ ಕೈ.

ಹೇಗೆ ಅಂತ ನೋಡಿ. ಲಿವರ್‌ನ ಸಣ್ಣ ರಕ್ತನಾಳಗಳ ಒಳಗೋಡೆಗೆ ಕುಪ್ಫರ್ ಎಂಬ ರೋಗನಿರೋಧಕ ಕೋಶಗಳು ಅಂಟಿಕೊಂಡಿರುತ್ತವೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯದು. ಅದರ ಜೊತೆ ಬರುವ ಬ್ಯಾಕ್ಟೀರಿಯಾ ಚೂರುಗಳನ್ನು ಇವು ಗಲಾಟೆ ಮಾಡದೆ ನುಂಗುತ್ತವೆ. ಆದರೆ ಲಿವರ್ ಕೋಶಗಳು ದಿನಾ ಸಾಯತೊಡಗಿದರೆ, ಕಾರಣ ಮದ್ಯವಿರಲಿ, ಕೊಬ್ಬಿರಲಿ, ಇವು ಕೂಗು ಹಾಕುತ್ತವೆ. ರಕ್ತದಿಂದ ಬಿಳಿರಕ್ತಕಣಗಳಾದ ಮಾನೋಸೈಟ್‌ಗಳು ನುಗ್ಗುತ್ತವೆ. ಇವೆಲ್ಲ ಸೇರಿ ಬಿಡುವ ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನ್ ಪಕ್ಕದ ಸ್ಟೆಲೇಟ್ ಕೋಶವನ್ನು ಮುಟ್ಟುತ್ತದೆ. ಅಲ್ಲಿಯವರೆಗೆ ವಿಟಮಿನ್ ಎ ತುಂಬಿಕೊಂಡು ತೆಪ್ಪಗಿದ್ದ ಕೋಶ ಅದು. ಈಗ ಆ ವಿಟಮಿನ್ ಕಳೆದುಕೊಂಡು ಕೊಲಾಜೆನ್ ಎಂಬ ಗಟ್ಟಿ ನಾರು ಸುರಿಯತೊಡಗುತ್ತದೆ. ಅದೇ ಫೈಬ್ರೋಸಿಸ್, ಅಂದರೆ ಲಿವರ್‌ನ ಕಲೆ. ಇಲ್ಲಿ ಯಾವುದನ್ನು ಬೂಸ್ಟ್ ಮಾಡುತ್ತೀರಿ?

ಹೆಪಟೈಟಿಸ್ ಬಿ ಎಂಬ ವೈರಸ್ ಸೋಂಕನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಲಿವರ್ ಕೋಶಗಳನ್ನು ಹೆಚ್ಚಾಗಿ ಕೊಲ್ಲುವುದು ವೈರಸ್ ಅಲ್ಲ, ಸೋಂಕು ಹೊತ್ತ ಕೋಶಗಳ ಮೇಲೆ ಎರಗುವ ನಮ್ಮದೇ ರೋಗನಿರೋಧಕ ಟಿ ಕೋಶಗಳು. ಇಮ್ಯೂನಿಟಿಯೇ ಲಿವರ್ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಹೆಪಟೈಟಿಸ್‌ಗೆ ವೈದ್ಯರು ಸ್ಟೀರಾಯ್ಡ್, ಅಜಾಥಯೋಪ್ರಿನ್ ಕೊಡುತ್ತಾರೆ. ಎರಡೂ ಇಮ್ಯೂನಿಟಿಯನ್ನು ತಗ್ಗಿಸುವ ಔಷಧಿಗಳೇ!

“ಹಾಗಾದ್ರೆ ಇಮ್ಯೂನಿಟಿ ಆಫ್ ಮಾಡಿಬಿಡಿ” ಅಂತ ವಾದಿಸುವವರೂ ಬರುತ್ತಾರೆ. ಅದೂ ಆಗುವುದಿಲ್ಲ. 2005ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಲಿವರ್‌ಗೆ ಪೆಟ್ಟು ಬೀಳುತ್ತಿರುವಾಗ ಕುಪ್ಫರ್ ಕೋಶಗಳಂಥ ‘ನುಂಗುವ’ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ತೆಗೆದರು, ಕಲೆ ಕಮ್ಮಿಯಾಯಿತು. ಪೆಟ್ಟು ನಿಂತು ಲಿವರ್ ಚೇತರಿಸಿಕೊಳ್ಳುವಾಗ ತೆಗೆದರು, ಕಲೆ ಕರಗಲೇ ಇಲ್ಲ. ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಕಲೆ ಕಟ್ಟುವುದಕ್ಕೂ ಅವೇ ಬೇಕು, ಕರಗಿಸುವುದಕ್ಕೂ ಅವೇ ಬೇಕು. ಮಾನೋಸೈಟ್‌ಗಳ ಕರೆಯನ್ನೇ ತಡೆಯುವ ಸೆನಿಕ್ರಿವಿರಾಕ್ ಔಷಧಿಯ ದೊಡ್ಡ ಪರೀಕ್ಷೆ, ಫಲ ಕಾಣದೆ 2021ರಲ್ಲಿ ನಿಂತಿತು. ಅಷ್ಟು ಸೂಕ್ಷ್ಮ ಇದು. ಒಂದು ಚಮಚ ‘ಇಮ್ಯೂನಿಟಿ ಬೂಸ್ಟ್’ ಪುಡಿ ಇದನ್ನು ಸರಿಮಾಡುತ್ತದಾ?

ಈ ವಿಷಯ ಉಪಯೋಗ ಆಯ್ತು ಅಂದ್ರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಲಿವರ್ ತೊಂದರೆ ಇರುವವರಿಗೆ ಕಳಿಸಿ.

ಪೆಟ್ಟನ್ನು ನಿಲ್ಲಿಸಿ ರೀ! ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್ ಎಂಬ ವೈರಸ್ ತಡೆಯುವ ಔಷಧಿ ಕೊಟ್ಟ ಅಧ್ಯಯನ 2013ರಲ್ಲಿ ಬಂತು. ಶುರುವಿನಲ್ಲಿ ಸಿರೋಸಿಸ್ (ಕಲೆ ಮಿತಿಮೀರಿದ ಹಂತ) ಇದ್ದ 96 ಜನರಲ್ಲಿ 71 ಜನಕ್ಕೆ ಐದು ವರ್ಷದ ಹೊತ್ತಿಗೆ ಬಯಾಪ್ಸಿಯಲ್ಲಿ ಸಿರೋಸಿಸ್ ಕಾಣಲಿಲ್ಲ. ಅವರಿಗೆ ಯಾರೂ ಬೂಸ್ಟ್ ಮಾಡಿರಲಿಲ್ಲ. ವೈರಸ್ ಅನ್ನು ತಡೆದರು, ಅಷ್ಟೇ.

“ನಮ್ಮ ಮಾವನಿಗೆ ಪುಡಿಯಿಂದಲೇ ವಾಸಿಯಾಯ್ತು” ಅಂತೀರಾ? ಮಾವ ಕುಡಿತ ಬಿಟ್ಟಿದ್ದರಾ, ಅದನ್ನು ಕೇಳಿ ಮೊದಲು. ಗಿಡಮೂಲಿಕೆ ಸಪ್ಲಿಮೆಂಟ್‌ಗಳಿಂದಲೇ ಲಿವರ್ ಕೆಟ್ಟ ಪ್ರಕರಣಗಳು ಎಷ್ಟೋ ದಾಖಲಾಗಿವೆ. ಬೂಸ್ಟ್ ಬೇಡ. ಬೇಡ ಅಂದ್ರೆ ಬೇಡ. ಡಬ್ಬಿ ಕೊಳ್ಳುವ ದುಡ್ಡಲ್ಲಿ ಲಿವರ್ ಟೆಸ್ಟ್ ಮಾಡಿಸಿ, ರಿಪೋರ್ಟ್ ಹಿಡಿದು ವೈದ್ಯರ ಹತ್ತಿರ ಹೋಗಿ. ಮುಂದಿನ ವಾರ ಫ್ಯಾಟಿ ಲಿವರ್ ಬಗ್ಗೆ ಮಾತಾಡೋಣ, ಪ್ರಶ್ನೆ ಇದ್ದರೆ ಈಗಲೇ ಕಳಿಸಿ.