ಬ್ಲಾಕ್ ಒಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ವಿರಾಜಪೇಟೆ, ಗೋಣಿಕೊಪ್ಪದಿಂದ ಮಡಿಕೇರಿಯವರೆಗೆ ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೇ ಬರುತ್ತೇನೆ.

ಸ್ಟ್ರೀಟ್ ಫೈಟರ್ ಅನ್ನುವ ಹೊಡೆದಾಟದ ವಿಡಿಯೋ ಗೇಮ್‌ನಲ್ಲಿ ಎದುರಾಳಿ ಬ್ಲಾಕ್ ಹಿಡಿದು, ಅಂದರೆ ಹಿಂದಕ್ಕೆ ಒತ್ತಿ ಹೊಡೆತ ತಡೆಯುತ್ತಾ, ಕೂತುಬಿಟ್ಟರೆ ಹೊಸಬರು ಇನ್ನೂ ಬೇಗ ಬೇಗ ಬಟನ್ ಒತ್ತುತ್ತಾರೆ. ಅವನಿಗೆ ಬೇಕಾದ್ದೂ ಅದೇ. ನಿಮ್ಮ ದೊಡ್ಡ ಒದೆತ ಬ್ಲಾಕ್ ಆಗುವುದನ್ನೇ ಕಾದಿದ್ದು ತಿರುಗಿ ಬಾರಿಸುತ್ತಾನೆ.

ಬ್ಲಾಕಿಗೆ ಮದ್ದು 1991ರ ಸ್ಟ್ರೀಟ್ ಫೈಟರ್ 2ರಲ್ಲೇ ಇತ್ತು: ಥ್ರೋ. ಹತ್ತಿರ ಹೋಗಿ ಹಿಡಿದು ಎಸೆದರೆ ಬ್ಲಾಕ್ ಕೆಲಸಕ್ಕೆ ಬರುವುದಿಲ್ಲ. ಅದನ್ನು ಮೋಸದಾಟ ಅನ್ನುವವರು ಇವತ್ತಿಗೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಥ್ರೋ ಇಲ್ಲದಿದ್ದರೆ ಲೈಫ್ ಸ್ವಲ್ಪ ಜಾಸ್ತಿ ಇರುವವನು ಟೈಮ್ ಮುಗಿಯುವ ತನಕ ಕೂತೇ ಗೆಲ್ಲುತ್ತಾನೆ. ಆದರೆ ಈಗಿನ ಆಟಗಳಲ್ಲಿ ಅವನೂ ಅದೇ ಹೊತ್ತಿಗೆ ಥ್ರೋ ಒತ್ತಿ ಬಿಡಿಸಿಕೊಳ್ಳಬಹುದು. ನಿಜವಾದ ಆಟ ಶುರುವಾಗುವುದು ಅಲ್ಲಿಂದ.

ಎದುರಾಳಿ ಮೂಲೆಯಲ್ಲಿದ್ದಾನೆ ಅನ್ನಿ. ಒಂದು ಸಣ್ಣ ಪಂಚ್ ಕೊಡಿ, ಬ್ಲಾಕ್ ಆಗಲಿ ಬಿಡಿ. ಒಂದು ಹೆಜ್ಜೆ ಮುಂದಿಟ್ಟು ಥ್ರೋ ಹಾಕಿ. ಇನ್ನೊಮ್ಮೆಯೂ ಹಾಗೇ ಮಾಡಿ. ಮೂರನೇ ಸಲ ಪಂಚ್, ಒಂದು ಹೆಜ್ಜೆ ಮುಂದೆ, ತಕ್ಷಣ ಹಿಂದೆ. ಬಿಡಿಸಿಕೊಳ್ಳಬೇಕೆಂದು ಅವನು ಆಗಲೇ ಬಟನ್ ಒತ್ತಿಯಾಗಿದೆ, ಕೈ ಬರೀ ಗಾಳಿ ಹಿಡಿಯುತ್ತದೆ. ಆ ಕೈ ವಾಪಸ್ ಹೋಗುವಷ್ಟರಲ್ಲಿ ನಿಮ್ಮ ದೊಡ್ಡ ಕಾಂಬೋ, ಅಂದರೆ ಒಂದರ ಹಿಂದೊಂದು ಹೊಡೆತ, ಬಿದ್ದಿರಬೇಕು. ಇದಕ್ಕೆ ಶಿಮ್ಮಿ ಅನ್ನುತ್ತಾರೆ. ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ. ಸ್ಟ್ರೀಟ್ ಫೈಟರ್ 6ರಲ್ಲಿ ಥ್ರೋ 5 ಫ್ರೇಮಿಗೇ ಹಿಡಿದುಬಿಡುತ್ತದೆ. ನೋಡಿ ತಡೆಯಲು ಯಾರಿಂದಲೂ ಆಗದು, ಊಹಿಸಲೇಬೇಕು. ಆ ಊಹೆಯನ್ನು ಅವನ ತಲೆಗೆ ತುಂಬಿದ್ದು ಮೊದಲಿನ ಎರಡು ಥ್ರೋ. ಅವುಗಳಿಂದ ಸಿಕ್ಕ ಡ್ಯಾಮೇಜ್ ಬೋನಸ್ ಅಷ್ಟೇ.

ಇಲ್ಲಿ ಹಾಕಿ ಸ್ಟಿಕ್ ಹಿಡಿಯದವರು ಕಮ್ಮಿ. ಗೋಲಿನ ಮುಂದಿನ ಡಿ ಒಳಗೆ ಜನ ತುಂಬಿಕೊಂಡಾಗ ಸುಮ್ಮನೆ ಗೋಲಿಗೆ ಬಾರಿಸುತ್ತೀರಾ? ಡಿಫೆಂಡರ್ ಕಾಲಿಗೆ ಚೆಂಡು ತಾಗಿಸಿ ಪೆನಾಲ್ಟಿ ಕಾರ್ನರ್ ತೆಗೆಯುತ್ತೀರಿ. ಆಗ ತಡೆಯಲು ಗೋಲ್‌ಕೀಪರ್ ಸೇರಿ ಐದೇ ಜನ. 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6 ಇಂಥದ್ದನ್ನೇ ನಿಯಮ ಮಾಡಿಟ್ಟಿದೆ. ಬ್ಲಾಕ್ ಮಾಡಿದಷ್ಟೂ ಡ್ರೈವ್ ಗೇಜ್ ಅನ್ನುವ ಶಕ್ತಿಯ ಪಟ್ಟಿ ಕರಗುತ್ತದೆ. ಆರು ಕಡ್ಡಿಯೂ ಖಾಲಿಯಾದರೆ ಬರ್ನ್‌ಔಟ್. ಆಮೇಲೆ ಸ್ಪೆಷಲ್ ಮೂವ್ ಬ್ಲಾಕ್ ಮಾಡಿದರೂ ಲೈಫ್ ಇಳಿಯುತ್ತದೆ.

ಬ್ಲಾಕಿನ ಮೇಲೇ ಲೈಫ್ ಇಳಿಸಿ ಮುಗಿಸುವ ಲೆಕ್ಕ ತಲೆಕೆಳಗಾದದ್ದೂ ಉಂಟು. 2004ರ ಇವೋ ಅನ್ನುವ ಫೈಟಿಂಗ್ ಗೇಮ್ ಟೂರ್ನಮೆಂಟ್, ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್. ಡೈಗೊ ಉಮೆಹಾರಾ ಆಡಿಸುತ್ತಿದ್ದ ಪಾತ್ರ ಕೆನ್‌ಗೆ ಕೂದಲೆಳೆಯಷ್ಟು ಲೈಫ್. ಎದುರಾಳಿ ಜಸ್ಟಿನ್ ವಾಂಗ್ ತನ್ನ ಪಾತ್ರ ಚುನ್-ಲಿಯ ಸೂಪರ್, ಅಂದರೆ ಅವಳ ದೊಡ್ಡ ಸಾಲು ಹೊಡೆತ, ಬಿಟ್ಟ. ಬ್ಲಾಕ್ ಮಾಡಿದರೂ ಕೆನ್ ಸಾಯುತ್ತಾನೆ. ಡೈಗೊ ಹಿಂದಕ್ಕೆ ಒತ್ತಲೇ ಇಲ್ಲ. ಮುಂದಕ್ಕೆ ತಟ್ಟುತ್ತಾ 15 ಹೊಡೆತವನ್ನೂ ಪ್ಯಾರಿ ಮಾಡಿ, ಅಂದರೆ ತಾಗುವ ಕ್ಷಣಕ್ಕೇ ಸರಿಯಾಗಿ ತಟ್ಟಿ ಲೈಫ್ ಇಳಿಯದಂತೆ ತಡೆದು, ಕಾಂಬೋ ಹಾಕಿ ರೌಂಡ್ ಗೆದ್ದ. ವಿಡಿಯೋ ನೋಡಿದವರೆಲ್ಲ ಡೈಗೊಗೆ ಚಪ್ಪಾಳೆ ತಟ್ಟುತ್ತಾರೆ, ತಟ್ಟಲೇಬೇಕು. ಆದರೆ ಜಸ್ಟಿನ್ ಲೆಕ್ಕ ಪೆದ್ದತನದ್ದಲ್ಲ. ಬ್ಲಾಕ್ ಅನ್ನುವ ದಾರಿಯನ್ನು ಪೂರ್ತಿ ಮುಚ್ಚಿದ್ದ, ಪ್ಯಾರಿಯ ದಾರಿ ಬಿಟ್ಟಿದ್ದ.

ಮಾತು ಸಾಕು, ಸ್ಕ್ರೀನ್ ನೋಡಿ. ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಗೆ, ಅಂದರೆ ಗೇಮೇ ಆಡಿಸುವ ಎದುರಾಳಿಗೆ, ಎರಡು ಆಟ ರೆಕಾರ್ಡ್ ಮಾಡಿದ್ದೇನೆ, ಒಂದು ಥ್ರೋ, ಒಂದು ಶಿಮ್ಮಿ. ಯಾವುದು ಬರುತ್ತದೆಂದು ನನಗೂ ಗೊತ್ತಾಗದು. ಯಾರಾದರೊಬ್ಬರು ಬಂದು ಮೂಲೆಯಲ್ಲಿ ನಿಂತು ತಡೆಯಿರಿ. ಹಿಂದಿನ ಸಾಲಿನವರೇ, ನಿಮಗೆ ಪ್ಯಾಡ್ ಕೊಡಲಾ, ಆರ್ಕೇಡ್ ಸ್ಟಿಕ್ ಕೊಡಲಾ?