ಕರೆದರೆ ತಿರುಗದ ಮಗು

ರೇಡಿಯೋ ಕೇಳುಗರೆಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಇವತ್ತು ನಾನು ಹೇಳುವುದು ಒಂದೇ ಮಾತು. 9 ತಿಂಗಳು ತುಂಬಿದ ಮಗುವನ್ನು ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ವರ್ಷ ತುಂಬುತ್ತಾ ಬಂದರೂ ನೋಡುತ್ತಿಲ್ಲವೇ? ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಚೆನ್ನಾಗಿದೆ ಅಂತ ಬಂದರೆ ಖುಷಿಯಾಗಿ ಮನೆಗೆ ಹೋಗಬೇಡಿ, ಆಟಿಸಂ ಇರಬಹುದಾ ಅಂತ ಕೇಳಿ. ಆಟಿಸಂ ಅಂದರೆ ಮಗುವಿನ ಮೆದುಳು ಬೇರೆ ರೀತಿ ಬೆಳೆಯುವುದು, ಅದರಿಂದ ಬೇರೆಯವರ ಜೊತೆ ಬೆರೆಯುವುದು, ಮಾತು ಸನ್ನೆಯಲ್ಲಿ ಹೇಳಿಕೊಳ್ಳುವುದು ಕಷ್ಟವಾಗುತ್ತದೆ.

ನಮ್ಮ ಕಡೆ ಮನೆಯಲ್ಲೇ ಒಂದು ಪರೀಕ್ಷೆ ಮಾಡುತ್ತಾರೆ, ನಿಮಗೂ ಗೊತ್ತು. ಮಗುವಿನ ಹಿಂದೆ ನಿಂತು ತಾಟು ಬಡಿಯುವುದು. ಬೆಚ್ಚಿ ತಿರುಗಿದರೆ 'ಕಿವಿ ಚಲೋ ಅದಾವ' ಅಂತ ಮುಗಿಸುವುದು. ಅಷ್ಟು ದೊಡ್ಡ ಸದ್ದಿಗೆ ಅರ್ಧ ಕಿವುಡಿರುವ ಮಗುವೂ ತಿರುಗುತ್ತದೆ. ದಯವಿಟ್ಟು ತಾಟನ್ನು ಊಟಕ್ಕೆ ಇಟ್ಟುಕೊಳ್ಳಿ.

ಸಿಂಧನೂರು ಕಡೆಯ ಒಂದು ಕುಟುಂಬ ನನ್ನ ಹತ್ತಿರ ಬಂದಿತ್ತು. ಎರಡು ವರ್ಷಕ್ಕೆ ಹತ್ತಿರದ ಹುಡುಗ, ಅಪ್ಪ, ಅಮ್ಮ, ಜೊತೆಗೆ ಅಜ್ಜಿ. ಹುಡುಗನಿಗೆ ಕಿವಿ ಕೇಳುವುದಿಲ್ಲ ಅಂತ ಅಪ್ಪ, ಕೇಳುತ್ತದೆ ಅಂತ ಅಜ್ಜಿ, ಇಬ್ಬರದೂ ನನ್ನ ಕೋಣೆಯಲ್ಲೇ ಜಗಳ. ಅಜ್ಜಿ ಹೇಳಿದ್ದು ಹೀಗೆ: "ಒಳಗ ಬಿಸ್ಕತ್ ಪುಡಿಕಿ ಹರದ್ರ ಹೊರಗಿನಿಂದ ಓಡಿ ಬರ್ತಾನ. ಮಿಕ್ಸಿ ಹಚ್ಚಿದ್ರ ಕಿವಿ ಮುಚ್ಕೊಂಡು ಅಳ್ತಾನ. ನಾ ಗಂಟಲು ಹರಕೊಂಡು ಕರದ್ರ ಮಾತ್ರ ಹೊಳ್ಳಿ ನೋಡಂಗಿಲ್ಲ. ಕೆಪ್ಪ ಹೆಂಗಾಕ್ಕಾನ?" ನಾವು ಕೋರ್ಸಿನಲ್ಲಿ ವರ್ಷಗಟ್ಟಲೆ ಕಲಿತದ್ದನ್ನು ಆಕೆ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಮೊದಲು ಓಎಇ ಪರೀಕ್ಷೆ ಮಾಡಿದೆ. ಕಿವಿಗೆ ಸಣ್ಣ ಬಿರಡೆ ಇಟ್ಟು ಟಿಕ್ ಟಿಕ್ ಸದ್ದು ಬಿಟ್ಟರೆ ಒಳಕಿವಿ ತಾನೇ ಒಂದು ಸಣ್ಣ ಸದ್ದನ್ನು ವಾಪಸ್ ಕೊಡುತ್ತದೆ. ನೋವಿಲ್ಲ, ಸೂಜಿ ಇಲ್ಲ. ಎರಡೂ ಕಿವಿ ಪಾಸು. ಅಪ್ಪ ಆಗಲೇ ಬಸ್ಸಿಗೆ ಎದ್ದರು, ನಾನು ಕೂರಿಸಿದೆ. ಮುಂದಿನದು ಬೆರಾ. ತಲೆಗೆ ಸಣ್ಣ ವೈರು ಅಂಟಿಸಿ, ಸದ್ದು ಕಿವಿಯಿಂದ ಮೆದುಳಿನ ಬುಡದವರೆಗೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುವುದು. ಮಗು ಮಲಗಿರಬೇಕು. ಇವನು ಮಲಗಬೇಕಲ್ಲ! ಫ್ಯಾನು ತಿರುಗುವುದನ್ನೇ ನೋಡುತ್ತಾ ನಗುತ್ತಿದ್ದ. ಅಮ್ಮ ಎತ್ತಿಕೊಂಡು ಓಡಾಡಿದರು, ಅಪ್ಪ ಮೊಬೈಲ್ ತೋರಿಸಲು ಹೋಗಿ ನನ್ನಿಂದ ಬೈಸಿಕೊಂಡರು. ಕೊನೆಗೆ ಅಜ್ಜಿ ತೊಡೆ ಮೇಲೆ ಹಾಕಿಕೊಂಡು ಮೊಹರಂ ಪದ ಗುನುಗಿದರು, ಅದೂ ಅದೇ ಎರಡು ಸಾಲು, ಮತ್ತೆ ಮತ್ತೆ. ಮಲಗಿದ. ಬೆರಾನೂ ಚೆನ್ನಾಗಿಯೇ ಬಂತು.

"ಮತ್ತೇನ್ರಿ, ಕಿವಿ ಚಲೋ ಅದಾವಲ್ಲ" ಅಂದರು ಅಪ್ಪ. ಇದೇ ಜಾಗದಲ್ಲಿ ಎಷ್ಟೋ ತಂದೆ ತಾಯಿ ಎದ್ದು ಹೋಗಿಬಿಡುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲೇ. ಕಿವಿ ಚಲೋ ಇದ್ದರೆ ಕರೆದಾಗ ಯಾಕೆ ತಿರುಗುತ್ತಿಲ್ಲ? ಕಾಲುವೆಗೆ ನೀರು ಬಿಟ್ಟಿದ್ದಾರೆ, ಆದರೆ ಟೇಲ್‌ಎಂಡ್ ಹೊಲಕ್ಕೆ, ಅಂದರೆ ಕಾಲುವೆಯ ಕೊನೆಯ ಹೊಲಕ್ಕೆ, ಮುಟ್ಟಿಲ್ಲ. ಮಾನ್ವಿ, ಸಿರವಾರದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅಜ್ಜಿಯನ್ನೇ ಕೇಳಿದೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಅಂತ. "ಇಲ್ಲವಾ, ನನ್ನ ಕೈ ಹಿಡದು ಎಳಕೊಂಡು ಹೋಗಿ ನನ್ನ ಕೈಲೇ ಡಬ್ಬಿ ತೆಗಸ್ತಾನ" ಅಂದರು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ಕಡಿಮೆ. ಮಕ್ಕಳ ಡಾಕ್ಟರಿಗೆ ಚೀಟಿ ಬರೆದು ಕಳಿಸಿದೆ. ಆಟಿಸಂ ಅಂತಲೇ ಆಯಿತು. ಥೆರಪಿ ಬೇಗ ಶುರುವಾಯಿತು, ಈಗ ಬಿಸ್ಕತ್ತಿಗೆ ಬೆರಳು ಮಾಡಿ ತೋರಿಸುತ್ತಾನೆ.

ಇದು ಹೊಸ ವಿಷಯ ಏನಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಜಗತ್ತಿಗೆ ಪರಿಚಯಿಸಿದರು. ಆ ಮಕ್ಕಳಲ್ಲೂ ಕೆಲವರನ್ನು ಮೊದಲು ಕಿವುಡರು ಅಂದುಕೊಂಡಿದ್ದರು! 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫ್ಲಾರಿಡಾದ ಶಿಶುಗಳ ಬೆರಾ ದಾಖಲೆ ತೆಗೆದು ನೋಡಿದರು. ಮುಂದೆ ಆಟಿಸಂ ಕಂಡುಬಂದ ಮಕ್ಕಳಲ್ಲಿ ಹುಟ್ಟಿದಾಗಲೇ ಸದ್ದು ಸ್ವಲ್ಪ ನಿಧಾನವಾಗಿ ಮೆದುಳಿನ ಬುಡ ಮುಟ್ಟುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸ ನಮ್ಮ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಅಜ್ಜಿಯ ಕಣ್ಣಿಗೆ ಕಾಣುವುದೇ ನಮಗೆ ಈಗ ದಾರಿ.

ಸ್ಟುಡಿಯೋ ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ಸನ್ನೆ ಮಾಡುತ್ತಿದ್ದಾರೆ, ಹಾಗಾಗಿ ಉಳಿದದ್ದು ಬೇಗ ಬೇಗ. ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ, ಅವರಪ್ಪನೂ ಹಂಗೇ ಇದ್ದ ಅನ್ನುವ ಮಾತು ಸಾಕು. ಕಿವಿಯಲ್ಲಿ ತೊಂದರೆ ಸಿಕ್ಕರೂ ಆಟಿಸಂ ಇಲ್ಲ ಅಂತಲ್ಲ, ಎರಡೂ ಒಟ್ಟಿಗೆ ಇರಬಹುದು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ, ಅಂದರೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡಕ್ಕೆ ಹೇಳಿ, ಅವರು ಮುಂದಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ದೊಡ್ಡ ಪರೀಕ್ಷೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಹುಟ್ಟಿದ ಆಸ್ಪತ್ರೆಯ ಚೀಟಿ, ಈಗಾಗಲೇ ಮಾಡಿಸಿದ ಕಿವಿ ರಿಪೋರ್ಟು ಎರಡನ್ನೂ ಇಟ್ಟುಕೊಳ್ಳಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಮಸ್ಕಾರ.